‘ನೀನೇ ಹಿಂದೆ ತಗೋ!’: ರಸ್ತೆ ಜಗಳವೊಂದು ಮೀಮ್ ಆಗುವುದು ಹೇಗೆ?

ಪ್ರಶ್ನೆ: ನಮ್ಮ ಆಫೀಸ್ ಗ್ರೂಪಿನಲ್ಲಿ ಒಂದು ಸ್ಟಿಕರ್ ತುಂಬಾ ದಿನದಿಂದ ಓಡಾಡುತ್ತಿದೆ. ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ ಒಬ್ಬರು ಬೆರಳು ತೋರಿಸಿ ಕೂಗುತ್ತಿದ್ದಾರೆ. ಕೆಳಗೆ ‘ನೀನೇ ಹಿಂದೆ ತಗೋ!’ ಅಂತ ಬರೆದಿದೆ. ನಾನೂ ಎಷ್ಟೋ ಸಲ ಕಳಿಸಿ ನಕ್ಕಿದ್ದೇನೆ. ಮೊನ್ನೆ ಅದರ ಮೂಲ ವಿಡಿಯೊ ಸಿಕ್ಕಿತು. ಕಿರಿದಾದ ದಾರಿಯಲ್ಲಿ ಎದುರುಬದುರು ನಿಂತ ಕಾರು ಮತ್ತು ಬೈಕಿನವರ ಜಗಳ ಅದು. ನೋಡಿದರೆ ನಗು ಬರಲಿಲ್ಲ, ಒಂಥರಾ ಕಸಿವಿಸಿ ಆಯಿತು. ರಸ್ತೆಯಲ್ಲಿ ದಿನಾ ಎಷ್ಟೋ ಜಗಳ ನಡೆಯುತ್ತವೆ. ಇದೊಂದು ಮಾತ್ರ ಹೇಗೆ ಮೀಮ್ ಆಯಿತು? ನಾನು ಆ ಸ್ಟಿಕರ್ ಬಳಸುವುದು ತಪ್ಪಾ?

ಉತ್ತರ: ನಿಮ್ಮ ಕಸಿವಿಸಿಗೆ ಕಾರಣ ಇದೆ. ಸ್ಟಿಕರಿನಲ್ಲಿ ನಿಮಗೆ ಕಂಡಿದ್ದು ಒಂದು ಮುಖ, ಒಂದು ಮಾತು. ವಿಡಿಯೊದಲ್ಲಿ ಕಂಡಿದ್ದು ಒಬ್ಬ ಮನುಷ್ಯ. ಇವೆರಡರ ನಡುವೆ ಏನೇನು ಕಳಚಿ ಬಿತ್ತು ಅಂತ ನೋಡುತ್ತಾ ಹೋದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮೊದಲು ಹೋಗುವುದು ಜಗಳದ ಶುರು. ಆಮೇಲೆ ಎದುರಿಗಿದ್ದವರು ಹೋಗುತ್ತಾರೆ. ನಂತರ ಊರು, ದಿನ, ಕಾರಣ. ಕೊನೆಗೆ ದನಿಯೂ ಹೋಗುತ್ತದೆ. ಇಷ್ಟೆಲ್ಲ ಹೋದ ಮೇಲೆ ಉಳಿದ ಚೂರು ಯಾರ ಸಂದರ್ಭಕ್ಕೆ ಬೇಕಾದರೂ ಹೊಂದುತ್ತದೆ. ಮೀಮ್ ಅಂದರೆ ಆ ಚೂರು.

ವೈರಲ್ ಆಗುವುದು ಬೇರೆ, ಮೀಮ್ ಆಗುವುದು ಬೇರೆ. ಇಂಟರ್ನೆಟ್ ಮೀಮ್‌ಗಳ ಬಗ್ಗೆ ದೊಡ್ಡ ಕೆಲಸ ಮಾಡಿರುವ ಸಂಶೋಧಕಿ ಲಿಮೋರ್ ಶಿಫ್ಮನ್ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದ್ದಾರೆ. ಒಂದು ವಿಡಿಯೊ ಇದ್ದ ಹಾಗೇ ಲಕ್ಷಗಟ್ಟಲೆ ಜನರಿಗೆ ತಲುಪಿದರೆ ಅದು ವೈರಲ್. ಜನ ಅದನ್ನು ತಗೊಂಡು, ತಮ್ಮದೇನೋ ಸೇರಿಸಿ, ಬದಲಾಯಿಸಿ, ಅಣಕ ಮಾಡಿ ಮತ್ತೆ ಹರಿಯಬಿಟ್ಟರೆ ಅದು ಮೀಮ್. ರಸ್ತೆ ಜಗಳದ ವಿಡಿಯೊಗಳಲ್ಲಿ ಹೆಚ್ಚಿನವು ಮೊದಲ ಹಂತದಲ್ಲೇ ನಿಲ್ಲುತ್ತವೆ. ಜನ ನೋಡುತ್ತಾರೆ, ಬೈಯುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ.

ಇಂಥ ವಿಡಿಯೊ ರಸ್ತೆಯಲ್ಲೇ ಯಾಕೆ ಜಾಸ್ತಿ ಹುಟ್ಟುತ್ತದೆ? ಅಮೆರಿಕದ ಸಮಾಜಶಾಸ್ತ್ರಜ್ಞ ಜ್ಯಾಕ್ ಕಾಟ್ಜ್ ಲಾಸ್ ಏಂಜಲೀಸ್‌ನ ಚಾಲಕರ ಕೋಪವನ್ನೇ ಹತ್ತಿರದಿಂದ ಅಧ್ಯಯನ ಮಾಡಿ 1999ರಲ್ಲಿ ಬರೆದರು. ಅವರ ಎರಡು ಮಾತು ಇಲ್ಲಿಗೆ ಮುಖ್ಯ. ಗಾಡಿ ಓಡಿಸುವಾಗ ಗಾಡಿ ನಮ್ಮ ಮೈಯ ಭಾಗವೇ ಆಗಿಬಿಡುತ್ತದೆ. ಯಾರಾದರೂ ನುಗ್ಗಿದರೆ ‘ನನಗೇ ಅಡ್ಡ ಬಂದ’ ಅನ್ನುತ್ತೇವೆ, ಗಾಡಿಯ ಹೆಸರು ಬಾಯಿಗೆ ಬರುವುದೇ ಇಲ್ಲ. ಎರಡನೆಯದು, ಗಾಡಿಯೊಳಗೆ ಕೂತವರು ಮೂಕರು. ಎದುರಿನವರಿಗೆ ‘ಸ್ವಲ್ಪ ನೋಡ್ಕೊಂಡು ಬನ್ನಿ’ ಅಂತ ಹೇಳುವುದಕ್ಕೆ ದಾರಿ ಇಲ್ಲ. ಇರುವುದು ಹಾರ್ನ್, ಲೈಟು, ಕೈಸನ್ನೆ. ನಡೆದು ಹೋಗುವಾಗ ಭುಜಕ್ಕೆ ಭುಜ ತಾಗಿದರೆ ಇಬ್ಬರೂ ಮುಖ ನೋಡಿ ‘ಸಾರಿ’ ಅಂದು ಮುಂದೆ ಹೋಗುತ್ತಾರೆ. ಗಾಜಿನ ಹಿಂದೆ ಕೂತವರಿಗೆ ಆ ಅನುಕೂಲ ಇಲ್ಲ. ಅದಕ್ಕೇ ಕೈ ದೊಡ್ಡದಾಗಿ ಆಡುತ್ತದೆ, ಕಣ್ಣು ಅಗಲ ಆಗುತ್ತದೆ, ಕಿಟಕಿ ಇಳಿದ ಕ್ಷಣ ದನಿ ಏರುತ್ತದೆ. ಮನೆಯಲ್ಲಿ ಇದೇ ವ್ಯಕ್ತಿ ಇದರ ಹತ್ತರಲ್ಲಿ ಒಂದು ಪಾಲು ದನಿಯಲ್ಲಿ ಜಗಳ ಆಡುತ್ತಿರಬಹುದು. ಆದರೆ ಕ್ಯಾಮೆರಾ ಇರುವುದು ರಸ್ತೆಯಲ್ಲಿ.

ಆ ಕ್ಯಾಮೆರಾದ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳಬೇಕು. ನನ್ನ ಪ್ರಕಾರ ಅರ್ಧ ಮೀಮ್ ಅಲ್ಲೇ ತಯಾರಾಗುತ್ತದೆ, ಯಾರೂ ಎಡಿಟ್ ಮಾಡುವುದಕ್ಕೆ ಕೂರುವ ಮೊದಲೇ.

ಡ್ಯಾಶ್‌ಕ್ಯಾಮ್, ಅಂದರೆ ಕಾರಿನೊಳಗೆ ರಸ್ತೆಯ ಕಡೆ ಮುಖ ಮಾಡಿ ಇಟ್ಟ ಕ್ಯಾಮೆರಾ, ಕೆಲಸ ಮಾಡುವ ರೀತಿ ನೋಡಿ. ಅದು ಸದಾ ರೆಕಾರ್ಡ್ ಮಾಡುತ್ತಲೇ ಇರುತ್ತದೆ, ಆದರೆ ಎಲ್ಲವನ್ನೂ ಇಟ್ಟುಕೊಳ್ಳುವುದಿಲ್ಲ. ಸಾಮಾನ್ಯವಾಗಿ 1, 3 ಅಥವಾ 5 ನಿಮಿಷದ ತುಂಡುಗಳಾಗಿ ಉಳಿಸುತ್ತದೆ. ಮೆಮೊರಿ ಕಾರ್ಡ್ ತುಂಬಿದ ಮೇಲೆ ಹಳೆಯ ತುಂಡಿನ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಗಕ್ಕನೆ ಬ್ರೇಕ್ ಬಿದ್ದರೆ, ಗಾಡಿ ಜೋರಾಗಿ ಕುಲುಕಿದರೆ ಒಳಗಿನ ಸೆನ್ಸರ್ ಆ ತುಂಡನ್ನು ಅಳಿಯದ ಹಾಗೆ ಲಾಕ್ ಮಾಡುತ್ತದೆ. ಅಂದರೆ ಡಿಕ್ಕಿಯ ನಿಮಿಷ ಭದ್ರವಾಗಿ ಉಳಿಯುತ್ತದೆ. ಅದಕ್ಕೂ ಹತ್ತು ನಿಮಿಷ ಮೊದಲು ಯಾರು ಯಾರ ಹಿಂದೆ ಅಂಟಿಕೊಂಡು ಬಂದರು, ಯಾರು ಲೈಟು ಹೊಡೆದರು ಅನ್ನುವುದು ಬೇರೆ ತುಂಡಿನಲ್ಲಿರುತ್ತದೆ. ಅದನ್ನು ಯಾರೂ ಬೇಗ ತೆಗೆದಿಡದಿದ್ದರೆ ಅದು ಅಳಿದೇ ಹೋಗುತ್ತದೆ. ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಇನ್ನೂ ತಡವಾಗಿ ಶುರುವಾಗುತ್ತದೆ. ಜಗಳ ಕಾವೇರಿದ ಮೇಲೇ ತಾನೇ ಜನ ಫೋನ್ ಹೊರಗೆ ತೆಗೆಯುವುದು? ನಿಮ್ಮ ಸ್ಟಿಕರಿನ ವಿಡಿಯೊ ಇನ್ನೊಮ್ಮೆ ನೋಡಿ. ಶುರುವಾಗುವ ಹೊತ್ತಿಗೇ ಆ ವ್ಯಕ್ತಿ ಕೂಗುತ್ತಿದ್ದಾರೆ, ಅಲ್ವಾ? ಅವರು ಸುಮ್ಮನಿದ್ದ ಗಳಿಗೆ ಯಾರ ಬಳಿಯೂ ಇಲ್ಲ.

ಡ್ಯಾಶ್‌ಕ್ಯಾಮ್ ಮತ್ತು ಹೆಲ್ಮೆಟ್ ಕ್ಯಾಮೆರಾಗಳಲ್ಲಿ ಅಗಲ ನೋಟದ ಲೆನ್ಸ್ ಇರುತ್ತದೆ. ಅದರಲ್ಲಿ ಮುಂದಿನ ಗಾಡಿ ಇರುವುದಕ್ಕಿಂತ ದೂರ ಕಾಣುತ್ತದೆ. ‘ಇಷ್ಟು ಜಾಗ ಇತ್ತಲ್ಲ, ಹೋಗಬಹುದಿತ್ತಲ್ಲ’ ಅಂತ ಕಾಮೆಂಟ್ ಹಾಕುವವರು ಲೆನ್ಸ್ ಉಬ್ಬಿಸಿದ ಜಾಗವನ್ನು ಅಳೆಯುತ್ತಿರುತ್ತಾರೆ.

ಇದಕ್ಕಿಂತ ದೊಡ್ಡ ವಿಷಯ, ಕ್ಯಾಮೆರಾ ಯಾರನ್ನು ನೋಡುತ್ತಿದೆ ಅನ್ನುವುದು. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ಲ್ಯಾಸಿಟರ್ 1980ರ ದಶಕದಿಂದ ಪೊಲೀಸ್ ವಿಚಾರಣೆಯ ವಿಡಿಯೊಗಳ ಮೇಲೆ ಪ್ರಯೋಗ ಮಾಡುತ್ತಾ ಬಂದರು. ಒಂದೇ ವಿಚಾರಣೆಯನ್ನು ಬೇರೆ ಬೇರೆ ಕೋನದಿಂದ ತೋರಿಸಿದರು. ಆರೋಪಿಯ ಮುಖ ಮಾತ್ರ ಕಾಣುವ ಕೋನದಲ್ಲಿ ನೋಡಿದವರಿಗೆ ಅವನು ಸ್ವಂತ ಇಚ್ಛೆಯಿಂದ ತಪ್ಪೊಪ್ಪಿಕೊಂಡ ಹಾಗೆ ಹೆಚ್ಚಾಗಿ ಅನ್ನಿಸಿತು. ಪೊಲೀಸರೂ ಕಾಣುವ ಕೋನದಲ್ಲಿ ಹಾಗೆ ಅನ್ನಿಸುವುದು ಕಡಿಮೆ ಆಯಿತು. ನಮ್ಮ ಕಣ್ಣು ಯಾರ ಮೇಲಿದೆಯೋ ಅವರೇ ಎಲ್ಲಕ್ಕೂ ಕಾರಣ ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದರ ಇನ್ನೊಂದು ಮಗ್ಗುಲು ತೋರಿಸಿತು. ಒಂದೇ ಘಟನೆಯನ್ನು ಪೊಲೀಸರ ಮೈಮೇಲಿನ ಕ್ಯಾಮೆರಾದಲ್ಲೂ ಅವರ ಕಾರಿನ ಕ್ಯಾಮೆರಾದಲ್ಲೂ ನೋಡಿಸಿದರು. ಮೈಮೇಲಿನ ಕ್ಯಾಮೆರಾದಲ್ಲಿ ನೋಡಿದವರಿಗೆ ಆ ಪೊಲೀಸ್ ಬೇಕಂತಲೇ ಮಾಡಿದರು ಅಂತ ಅನ್ನಿಸಿದ್ದು ಕಡಿಮೆ. ಕಾರಣ ಸರಳ. ಕ್ಯಾಮೆರಾ ಕಟ್ಟಿಕೊಂಡವರು ಚಿತ್ರದಲ್ಲಿ ಕಾಣುವುದೇ ಇಲ್ಲ.

ಇದನ್ನು ಹೆಲ್ಮೆಟ್ ಕ್ಯಾಮೆರಾ ಕಟ್ಟಿಕೊಂಡ ಬೈಕ್ ಸವಾರರಿಗೆ ಅನ್ವಯಿಸಿ ನೋಡಿ. ಅವರ ಮುಖ ಕಾಣುವುದಿಲ್ಲ. ಅವರು ಮಾಡಿದ ಸನ್ನೆ ಕಾಣುವುದಿಲ್ಲ. ಕ್ಯಾಮೆರಾ ಓಡುತ್ತಿದೆ ಅಂತ ಗೊತ್ತಿರುವುದರಿಂದ ಅವರ ದನಿಯೂ ಹದವಾಗಿರುತ್ತದೆ. ಎದುರಿನವರು ಮಾತ್ರ ಪೂರ್ತಿ ಬೆಳಕಿನಲ್ಲಿ ನಿಂತು ಕೂಗುತ್ತಿರುತ್ತಾರೆ. ಇಬ್ಬರ ಜಗಳ ಹೀಗೆ ಒಬ್ಬರ ಹುಚ್ಚಾಟವಾಗಿ ನಮಗೆ ತಲುಪುತ್ತದೆ. ಕೂಗಿದವರದ್ದು ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಸಲ ತಪ್ಪು ಅವರದ್ದೇ ಇರುತ್ತದೆ. ವಿಡಿಯೊ ನೋಡಿದ ಮಾತ್ರಕ್ಕೆ ಅದು ನಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಇನ್ನು ಹರಡುವ ವಿಷಯ. ಮೊದಲ ಒಂದೆರಡು ದಿನ ಅದನ್ನು ಹೊತ್ತು ತಿರುಗುವುದು ಕೋಪ. ಜೋನಾ ಬರ್ಗರ್ ಮತ್ತು ಕ್ಯಾಥರಿನ್ ಮಿಲ್ಕ್‌ಮನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸುಮಾರು 7,000 ಲೇಖನಗಳಲ್ಲಿ ಜನ ಯಾವುದನ್ನು ಹೆಚ್ಚು ಇಮೇಲ್ ಮಾಡಿದರು ಅಂತ ನೋಡಿದ್ದರು. ಬೆರಗು, ಕೋಪ, ಆತಂಕ ಹುಟ್ಟಿಸಿದವು ಹೆಚ್ಚು ಓಡಿದವು. ದುಃಖ ಹುಟ್ಟಿಸಿದವು ಹಿಂದೆ ಬಿದ್ದವು. ಮೈ ಬಿಸಿ ಮಾಡುವ ಭಾವನೆ ಕೈಯನ್ನು ಶೇರ್ ಬಟನ್ ಕಡೆ ಒಯ್ಯುತ್ತದೆ. ದುಃಖ ಆದವರು ಸುಮ್ನೆ ಕೂರುತ್ತಾರೆ. 2017ರಲ್ಲಿ ವಿಲಿಯಂ ಬ್ರೇಡಿ ಮತ್ತು ಸಂಗಡಿಗರು 5 ಲಕ್ಷಕ್ಕೂ ಹೆಚ್ಚು ಟ್ವೀಟ್‌ಗಳನ್ನು ಪರೀಕ್ಷಿಸಿದರು. ಸರಿ ತಪ್ಪಿನ ತೀರ್ಪು ಮತ್ತು ಭಾವನೆ ಎರಡೂ ಬೆರೆತ ಒಂದೊಂದು ಪದ ಸೇರಿದಾಗಲೂ ಟ್ವೀಟ್ ಹರಡುವುದು ಸುಮಾರು ಶೇ. 20ರಷ್ಟು ಹೆಚ್ಚುತ್ತಿತ್ತು. ಅವರು ನೋಡಿದ್ದು ರಾಜಕೀಯ ವಿಷಯಗಳ ಟ್ವೀಟ್‌ಗಳನ್ನು. ಆದರೂ ರಸ್ತೆ ಜಗಳದ ವಿಡಿಯೊಗಳ ತಲೆಬರಹ ನೋಡಿದರೆ ಆ ಮಾತು ನೆನಪಾಗುತ್ತದೆ. ‘ದುರಹಂಕಾರಿ’, ‘ನಾಚಿಕೆಗೇಡು’, ‘ಗೂಂಡಾ’. ವಿಡಿಯೊ ತೆರೆಯುವ ಮೊದಲೇ ತೀರ್ಪು ಬಂದಿರುತ್ತದೆ.

ರಸ್ತೆ ಜಗಳಕ್ಕೆ ಇನ್ನೊಂದು ಬಲ ಇದೆ. ಅದರಲ್ಲಿ ಯಾವಾಗಲೂ ಎರಡು ಪಕ್ಷ ಇರುತ್ತವೆ, ಸಾಕ್ಷಿ ಅರೆಬರೆ ಇರುತ್ತದೆ, ಗಾಡಿ ಓಡಿಸುವ ಪ್ರತಿಯೊಬ್ಬರೂ ತಾವೇ ಬಲ್ಲವರು ಅಂದುಕೊಂಡಿರುತ್ತಾರೆ. ನಿಮ್ಮ ವಿಡಿಯೊವನ್ನೇ ತಗೊಳ್ಳಿ. ಕಿರಿದಾದ ದಾರಿಯಲ್ಲಿ ಯಾರು ಹಿಂದೆ ಸರಿಯಬೇಕು? ಮೊದಲು ಒಳಗೆ ಬಂದವರು ಯಾರು? ಬೈಕಿಗೆ ಹಿಂದೆ ಹೋಗುವುದು ಸುಲಭವಾ, ಕಾರಿಗಾ? ಒಂದೊಂದು ಪ್ರಶ್ನೆಗೂ ನೂರು ಜನ ಉತ್ತರ ಕೊಡುತ್ತಾರೆ, ಇನ್ನೂರು ಜನ ಅದನ್ನು ತಪ್ಪು ಅನ್ನುತ್ತಾರೆ. ಯಾವ ವೇದಿಕೆಯಾದರೂ ಜನ ಹೆಚ್ಚು ಕಾಮೆಂಟ್ ಮಾಡಿದ, ನಿಂತು ನೋಡಿದ, ಮತ್ತೆ ನೋಡಿದ ವಿಡಿಯೊವನ್ನೇ ಇನ್ನಷ್ಟು ಜನರ ಮುಂದೆ ತಳ್ಳುತ್ತದೆ. ಜಗಳದ ಬಗ್ಗೆ ನಡೆಯುವ ಜಗಳ ಅದನ್ನು ದೂರ ಒಯ್ಯುತ್ತದೆ.

ಇಷ್ಟು ಕೋಪ ನಗುವಾಗಿ ತಿರುಗುವುದು ಯಾವಾಗ? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವ ಭಾಗ ಇದು. ಹಾಸ್ಯದ ಬಗ್ಗೆ ಸಂಶೋಧನೆ ಮಾಡುವ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ 2010ರಲ್ಲಿ ಒಂದು ವಾದ ಮುಂದಿಟ್ಟರು. ಏನೋ ಒಂದು ನಿಯಮ ಮುರಿಯಬೇಕು, ಅದರ ಜೊತೆಗೇ ‘ಏನೂ ಆಗಲಿಲ್ಲ ಬಿಡು’ ಅಂತಲೂ ಅನ್ನಿಸಬೇಕು. ಎರಡೂ ಒಟ್ಟಿಗೆ ಬಂದಾಗ ನಗು ಬರುತ್ತದೆ. ಎರಡು ವರ್ಷದ ನಂತರ ಅವರ ತಂಡ ಇದಕ್ಕೆ ದೂರದ ಲೆಕ್ಕವನ್ನೂ ಸೇರಿಸಿತು. ದೊಡ್ಡ ಅನಾಹುತ ನಗು ತರಿಸಬೇಕಾದರೆ ಅದು ನಮ್ಮಿಂದ ದೂರ ಇರಬೇಕು. ಚಿಕ್ಕ ಎಡವಟ್ಟು ಹತ್ತಿರ ಇದ್ದಷ್ಟೂ ನಗು ಜಾಸ್ತಿ.

ರಸ್ತೆ ಜಗಳಗಳಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಯಾರಿಗಾದರೂ ಪೆಟ್ಟಾದ, ಆಯುಧ ಹೊರಬಂದ, ಮಕ್ಕಳು ಅಳುತ್ತಿರುವ ವಿಡಿಯೊ ವೈರಲ್ ಆಗುತ್ತದೆ, ಸುದ್ದಿ ಆಗುತ್ತದೆ, ಪೊಲೀಸ್ ಕೇಸ್ ಆಗುತ್ತದೆ. ಸಾಮಾನ್ಯವಾಗಿ ಅದು ಸ್ಟಿಕರ್ ಆಗುವುದಿಲ್ಲ. ಮೀಮ್ ಆಗುವ ವಿಡಿಯೊದಲ್ಲಿ ಕೋಪ ಬೆಟ್ಟದಷ್ಟು, ಕಾರಣ ಸಾಸಿವೆಯಷ್ಟು, ಫಲ ಸೊನ್ನೆ. ಕಾರಿನವರು ಕೂಗುತ್ತಾರೆ, ಬೈಕಿನವರು ಅಲ್ಲಾಡುವುದಿಲ್ಲ, ಕೊನೆಗೆ ಇಬ್ಬರಲ್ಲಿ ಒಬ್ಬರು ಹಿಂದೆ ಹೋಗುತ್ತಾರೆ. ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ಅಂಶವೂ ಬೇಕು. ಕೂಗುವವರಿಗೆ ತಾವು ಸರಿ ಅನ್ನುವ ಬಗ್ಗೆ ಒಂದಿಷ್ಟೂ ಅನುಮಾನ ಇರಬಾರದು. ಅಳುಕಿದವರನ್ನು ಯಾರೂ ಮೀಮ್ ಮಾಡುವುದಿಲ್ಲ.

ಶಿಫ್ಮನ್ 2012ರ ಒಂದು ಅಧ್ಯಯನದಲ್ಲಿ ಯೂಟ್ಯೂಬಿನಲ್ಲಿ ತುಂಬಾ ಅಣಕಕ್ಕೆ ಒಳಗಾದ 30 ವಿಡಿಯೊಗಳನ್ನು ಬಿಡಿಸಿ ನೋಡಿ ಆರು ಸಾಮಾನ್ಯ ಲಕ್ಷಣ ಗುರುತಿಸಿದರು. ಸಾಮಾನ್ಯ ಜನ, ಎಡವಿದ ಗಂಡಸುತನ, ಹಾಸ್ಯ, ಸರಳತೆ, ಪುನರಾವರ್ತನೆ, ತಲೆಬುಡ ಇಲ್ಲದ ವಿಚಿತ್ರತನ. ನಿಮ್ಮ ವಿಡಿಯೊವನ್ನು ಇದಕ್ಕೆ ಹಿಡಿದು ನೋಡಿ. ಆ ವ್ಯಕ್ತಿ ನಟರಲ್ಲ, ನಾಯಕರಲ್ಲ, ಯಾರೋ ಒಬ್ಬರು. ಜೋರು ತೋರಿಸಲು ಹೋಗಿದ್ದಾರೆ, ಜೋರು ನಡೆಯಲಿಲ್ಲ. ಜಾಗ ಒಂದೇ, ಪಾತ್ರ ಎರಡೇ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದಾರೆ. ಪುನರಾವರ್ತನೆಗೆ ಇಲ್ಲಿ ವಿಶೇಷ ಬೆಲೆ ಇದೆ. ಕೋಪ ನೆತ್ತಿಗೇರಿದಾಗ ಹೊಸ ಮಾತು ಹೊಳೆಯುವುದಿಲ್ಲ, ಸಿಕ್ಕಿದ ಒಂದು ವಾಕ್ಯವನ್ನೇ ಹಿಡಿದು ಜಗ್ಗುತ್ತೇವೆ. ಹಾಗೆ ನಾಲ್ಕು ಸಲ ಕೇಳಿದ ವಾಕ್ಯ ನೋಡಿದವರ ಬಾಯಿಗೆ ತಾನಾಗಿ ಬರುತ್ತದೆ.

ಎಲ್ಲ ವಾಕ್ಯಕ್ಕೂ ಆ ಅದೃಷ್ಟ ಇಲ್ಲ. ನಾನು ಇದಕ್ಕೆ ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ: ಗಾಡಿಯೇ ಇಲ್ಲದ ಜಾಗದಲ್ಲಿ ಆ ಮಾತು ಹೊಂದುತ್ತದಾ? ‘ಇಂಡಿಕೇಟರ್ ಹಾಕದೆ ತಿರುಗಿಸಿದ್ದೀಯ’ ಅನ್ನುವ ಮಾತನ್ನು ಎಷ್ಟೇ ಜೋರಾಗಿ ಕೂಗಿದರೂ ಅದು ರಸ್ತೆ ದಾಟಿ ಹೋಗುವುದಿಲ್ಲ. ‘ನೀನೇ ಹಿಂದೆ ತಗೋ’ ಹಾಗಲ್ಲ. ಗ್ರೂಪಿನಲ್ಲಿ ಒಬ್ಬರು ‘ಶನಿವಾರ ಮೀಟಿಂಗ್ ಇಡೋಣ’ ಅಂತ ಹಾಕಿದರೆ ಅದನ್ನು ಕಳಿಸಬಹುದು. ಇಬ್ಬರು ವಾದ ಮಾಡುತ್ತಾ ಆಡಿದ ಮಾತು ವಾಪಸ್ ತಗೊಳ್ಳಲು ಒಪ್ಪದಿದ್ದರೆ ಕಳಿಸಬಹುದು. ರಾಜೀನಾಮೆ ಕೊಟ್ಟ ಗೆಳೆಯರಿಗೆ ಕಳಿಸಬಹುದು. ಮದುವೆಯಾದ ಜೋಡಿಯ ಮುನಿಸಿಗೂ ಸರಿಹೊಂದುತ್ತದೆ. ಇಬ್ಬರೂ ಬಗ್ಗದ ಎಲ್ಲ ಕಡೆಯೂ ಅದಕ್ಕೆ ಜಾಗ ಇದೆ. ಹಾಗಾಗಿ ಅದನ್ನು ಬಳಸುವವರಿಗೆ ಮೂಲ ಜಗಳ ಗೊತ್ತಿರಬೇಕಾಗಿಲ್ಲ. ನಿಮಗೂ ಗೊತ್ತಿರಲಿಲ್ಲವಲ್ಲ.

ಈಗ ಕತ್ತರಿ ಕೆಲಸ. ವಾಟ್ಸ್ಆ್ಯಪ್ ಸ್ಟಿಕರ್ ಅಂದರೆ 512×512 ಪಿಕ್ಸೆಲ್‌ನ ಚೌಕ. ಅಲ್ಲಾಡದ ಸ್ಟಿಕರ್ 100 ಕೆಬಿ ಒಳಗಿರಬೇಕು. ಅಷ್ಟರಲ್ಲಿ ಒಂದು ಮುಖ, ಒಂದು ಕೈ, ಒಂದು ಸಾಲು ಹಿಡಿಸುತ್ತದೆ. ಮಾಡಿದವರು ಹಿನ್ನೆಲೆ ಅಳಿಸಿದ್ದಾರೆ. ದಾರಿ ಹೋಯಿತು, ಬೈಕ್ ಹೋಯಿತು, ಹಿಂದೆ ಸಾಲಾಗಿ ನಿಂತಿದ್ದ ಗಾಡಿಗಳು ಹೋದವು. ಜಿಫ್, ಅಂದರೆ ತಾನಾಗಿ ಸುತ್ತುವ ಪುಟ್ಟ ಚಲಿಸುವ ಚಿತ್ರ, ಆದರೆ ಇನ್ನೊಂದು ಥರ. 1987ರಲ್ಲಿ ಬಂದ ಆ ಮಾದರಿಯಲ್ಲಿ ಒಂದು ಚಿತ್ರಕ್ಕೆ ಹೆಚ್ಚೆಂದರೆ 256 ಬಣ್ಣ, ದನಿ ಇಲ್ಲವೇ ಇಲ್ಲ. ಹಾಗಾಗಿ ಜಿಫ್ ಮಾಡುವವರು ಮಾತು ಬಿಟ್ಟು ಸನ್ನೆ ಹುಡುಕುತ್ತಾರೆ. ಎರಡು ಸೆಕೆಂಡಿನ ಕೈ ಬೀಸು ಕೊನೆ ಇಲ್ಲದೆ ಸುತ್ತುತ್ತದೆ. ಸುಸ್ತಾಗಿ ಕೈ ಇಳಿಸಿದ ಮೂರನೇ ಸೆಕೆಂಡ್ ಯಾರಿಗೂ ಸಿಗುವುದಿಲ್ಲ. ರೀಲ್ಸ್ ಮಾಡುವವರು ಇದಕ್ಕೆ ತದ್ವಿರುದ್ಧ. ಅವರು ದನಿ ಮಾತ್ರ ಎತ್ತಿಕೊಂಡು ತಮ್ಮ ಬೆಕ್ಕಿಗೋ ಮಗುವಿಗೋ ಅಂಟಿಸುತ್ತಾರೆ. ತಾಳ ಹಾಕಿ ಹಾಡು ಮಾಡುವವರೂ ಇದ್ದಾರೆ.

ಒಂದು ತಂತ್ರದ ಬಗ್ಗೆ ಮಾತ್ರ ಎಚ್ಚರ ಹೇಳಲೇಬೇಕು. ನಿಧಾನಗತಿಯ ವಿಡಿಯೊ. ಕೋಪದ ಮುಖವನ್ನು ನಿಧಾನ ಮಾಡಿದರೆ ನಗು ಬರುತ್ತದೆ ಅಂತ ಮಾಡುತ್ತಾರೆ. 2016ರಲ್ಲಿ ಯೂಜೀನ್ ಕರೂಸೊ ಮತ್ತು ಸಂಗಡಿಗರು ಹಿಂಸೆಯ ನಿಜ ದೃಶ್ಯವನ್ನು ಒಂದಿಷ್ಟು ಜನರಿಗೆ ಮಾಮೂಲಿ ವೇಗದಲ್ಲಿ, ಇನ್ನೊಂದಿಷ್ಟು ಜನರಿಗೆ ನಿಧಾನಗತಿಯಲ್ಲಿ ತೋರಿಸಿದರು. ನಿಧಾನವಾಗಿ ನೋಡಿದವರಿಗೆ ಆ ವ್ಯಕ್ತಿ ಬೇಕಂತಲೇ ಮಾಡಿದ ಹಾಗೆ ಹೆಚ್ಚಾಗಿ ಕಂಡಿತು. ಅವನಿಗೆ ಯೋಚಿಸಲು ಸಮಯ ಇತ್ತು ಅಂತ ನೋಡುವವರಿಗೆ ಅನ್ನಿಸುತ್ತದೆ. ರಸ್ತೆಯಲ್ಲಿ ಅರ್ಧ ಸೆಕೆಂಡಿನಲ್ಲಿ ಸಿಡಿದ ಸಿಟ್ಟು ನಿಧಾನಗತಿಯಲ್ಲಿ ಲೆಕ್ಕ ಹಾಕಿ ಮಾಡಿದ ಕೆಡುಕಿನ ಹಾಗೆ ಕಾಣುತ್ತದೆ.

ಇಷ್ಟು ಹೊತ್ತಿಗೆ ಬಳಸುವವರಿಗೆ ಆ ವ್ಯಕ್ತಿಯ ಮೇಲೆ ಯಾವ ಕೋಪವೂ ಇರುವುದಿಲ್ಲ. ಒಂಥರಾ ಪ್ರೀತಿಯೇ ಇರುತ್ತದೆ ಅನ್ನಿ. ಆದರೆ ವಿಡಿಯೊದಲ್ಲಿರುವವರ ಬದುಕಿನಲ್ಲಿ ಕೋಪದ ಹಂತ, ನಗುವಿನ ಹಂತ ಎರಡೂ ಬೇರೆ ಬೇರೆ ಆಗಿ ಉಳಿಯುವುದಿಲ್ಲ. ಮೀಮ್ ನೋಡಿ ನಕ್ಕವರಲ್ಲಿ ಕೆಲವರು ಮೂಲ ಹುಡುಕುತ್ತಾರೆ. ಮೂಲ ಸಿಕ್ಕಿದವರಲ್ಲಿ ಒಬ್ಬಿಬ್ಬರು ನಂಬರ್ ಪ್ಲೇಟ್ ನೋಡುತ್ತಾರೆ, ಹೆಸರು ಹುಡುಕುತ್ತಾರೆ, ಕೆಲಸ ಕೊಟ್ಟವರಿಗೆ ಫೋನ್ ಮಾಡುತ್ತಾರೆ. ನಗು ಮುಗಿಯದಷ್ಟು ದಿನ ಈ ಹುಡುಕಾಟವೂ ಮುಗಿಯುವುದಿಲ್ಲ. ಮಾಮೂಲಿ ವೈರಲ್ ವಿಡಿಯೊವನ್ನು ವಾರದಲ್ಲಿ ಜನ ಮರೆಯುತ್ತಾರೆ. ಮೀಮ್ ಆದವರಿಗೆ ಆ ಮರೆವು ಸಿಗುವುದಿಲ್ಲ. ಮೀಮ್‌ನ ಅತಿ ದೊಡ್ಡ ಕ್ರೌರ್ಯ ಇದು ಅಂತ ನಾನು ನಂಬಿದ್ದೇನೆ. ಅವರು ವಿವರಣೆ ಕೊಡೋಣ ಅಂದರೂ ಯಾರಿಗೆ ಕೊಡುವುದು? ಸ್ಟಿಕರ್ ಕಳಿಸಿದವರಿಗೆ ಆ ಜಗಳ ಗೊತ್ತೇ ಇಲ್ಲ.

ಹುಡುಕಾಟ ತಪ್ಪು ಮನೆಯ ಬಾಗಿಲನ್ನೂ ತಟ್ಟುತ್ತದೆ. 2020ರಲ್ಲಿ ಅಮೆರಿಕದಲ್ಲಿ ಸೈಕಲ್ ಹಾದಿಯೊಂದರಲ್ಲಿ ಪೋಸ್ಟರ್ ಅಂಟಿಸುತ್ತಿದ್ದ ಹದಿಹರೆಯದವರ ಮೇಲೆ ಒಬ್ಬ ಸವಾರ ಕೈ ಮಾಡಿದ ವಿಡಿಯೊ ಹರಡಿತು. ಪೊಲೀಸರು ಮೊದಲು ಹೇಳಿದ ದಿನಾಂಕ ತಪ್ಪಾಗಿತ್ತು. ಆ ದಿನಾಂಕದಂದು ಅದೇ ಹಾದಿಯಲ್ಲಿ ಸೈಕಲ್ ಹೊಡೆದು, ಅದನ್ನು ವ್ಯಾಯಾಮದ ಆ್ಯಪ್‌ನಲ್ಲಿ ದಾಖಲಿಸಿದ್ದ ಬೇರೊಬ್ಬರನ್ನು ಜನ ಅಪರಾಧಿ ಅಂತ ಸಾರಿಬಿಟ್ಟರು. ಅವರ ವಿಳಾಸ ಹೊರಬಿತ್ತು, ಬೆದರಿಕೆಗಳು ಬಂದವು. ನಿಜವಾದ ವ್ಯಕ್ತಿಯನ್ನು ಪೊಲೀಸರು ಆಮೇಲೆ ಬಂಧಿಸಿದರು.

ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ಇಲ್ಲಿಯವರೆಗೆ ಬಳಸಿದ್ದಕ್ಕೆ ನೀವು ತಪ್ಪಿತಸ್ಥರು ಅಂತ ನಾನು ಹೇಳಲಾರೆ. ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಹಾಗಾಗಿ ಇನ್ನು ಮುಂದಿನದು ನಿಮ್ಮ ಆಯ್ಕೆ. ನನ್ನನ್ನು ಕೇಳಿದರೆ ಆ ಮಾತನ್ನು ಉಳಿಸಿಕೊಳ್ಳಿ, ಮುಖವನ್ನು ಬಿಡಿ. ‘ನೀನೇ ಹಿಂದೆ ತಗೋ’ ಅಂತ ಟೈಪ್ ಮಾಡಿದರೂ ನಿಮ್ಮ ಗ್ರೂಪಿನಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ, ನಗುವೂ ಬರುತ್ತದೆ. ಆ ಮಾತು ಈಗ ಎಲ್ಲರದ್ದು. ಮುಖ ಮಾತ್ರ ಇನ್ನೂ ಅವರೊಬ್ಬರದ್ದೇ. ಮೂಲ ವಿಡಿಯೊವನ್ನಂತೂ ಯಾರಿಗೂ ಕಳಿಸಬೇಡಿ. ‘ಇದೇ ನೋಡಿ ಅದರ ಒರಿಜಿನಲ್’ ಅಂತ ಗ್ರೂಪಿಗೆ ಹಾಕುವ ಆಸೆ ಆಗುತ್ತದೆ. ಸ್ಟಿಕರಿನಲ್ಲಿ ಕಳಚಿ ಹೋಗಿದ್ದ ನಂಬರ್ ಪ್ಲೇಟ್, ಜಾಗ, ದಿನಾಂಕ ಎಲ್ಲವನ್ನೂ ನೀವು ಮತ್ತೆ ಅವರ ಮುಖಕ್ಕೆ ಜೋಡಿಸಿ ಕೊಟ್ಟ ಹಾಗೆ ಆಗುತ್ತದೆ. ಆ ವ್ಯಕ್ತಿಯೇ ಎಲ್ಲಾದರೂ ‘ದಯವಿಟ್ಟು ನಿಲ್ಲಿಸಿ’ ಅಂತ ಕೇಳಿಕೊಂಡಿದ್ದರೆ ಯೋಚನೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ, ನಿಲ್ಲಿಸಬೇಕು.

ನಾಳೆ ನೀವೇ ಇಂಥ ಜಗಳದ ವಿಡಿಯೊ ತೆಗೆದಿರಿ ಅಂದುಕೊಳ್ಳಿ. ಅದೇ ಬಿಸಿಯಲ್ಲಿ ಅಪ್‌ಲೋಡ್ ಮಾಡಬೇಡಿ. ಡ್ಯಾಶ್‌ಕ್ಯಾಮ್ ಆದರೆ ಜಗಳದ ತುಂಡಿನ ಜೊತೆ ಅದರ ಹಿಂದಿನ ಎರಡು ಮೂರು ತುಂಡುಗಳನ್ನೂ ಆ ದಿನವೇ ಬೇರೆ ಕಡೆ ಕಾಪಿ ಮಾಡಿ ಇಡಿ. ತಪ್ಪು ಯಾರದ್ದು ಅಂತ ತೀರ್ಮಾನ ಆಗಬೇಕಾದರೆ ಪೊಲೀಸರಿಗೆ, ಇನ್ಶೂರೆನ್ಸ್‌ನವರಿಗೆ ಬೇಕಾಗುವುದು ಅವೇ. ಸಾರ್ವಜನಿಕವಾಗಿ ಹಾಕಲೇಬೇಕು ಅನ್ನಿಸಿದರೆ ಶುರುವಿನಿಂದ ಹಾಕಿ. ಮುಖ ಮತ್ತು ನಂಬರ್ ಪ್ಲೇಟ್ ಮಸುಕು ಮಾಡಿ. ಒಂದು ಫ್ರೇಮಿನಲ್ಲಿ ಮಸುಕು ತಪ್ಪಿದರೂ ಸಾಕು, ಅದೇ ಸ್ಕ್ರೀನ್‌ಶಾಟ್ ಆಗುತ್ತದೆ. ಮುಂದಿನ ಗಾಡಿಯ ಗಾಜಿನಲ್ಲಿ ಪ್ಲೇಟಿನ ಪ್ರತಿಬಿಂಬ ಕಾಣುತ್ತದೆಯೇ ಅಂತಲೂ ನೋಡಿ. ಜಗಳದಲ್ಲಿ ಯಾರಾದರೂ ಹೆಸರು ಹಿಡಿದು ಕರೆದಿದ್ದರೆ ಆ ದನಿಯನ್ನೂ ತೆಗೆಯಿರಿ.

ಇನ್ನು ವಿಡಿಯೊದಲ್ಲಿರುವುದು ನೀವೇ ಆದರೆ, ಅಥವಾ ನಿಮ್ಮವರು ಯಾರಾದರೂ ಆದರೆ? ಮೊದಲ ದಿನ ಎಲ್ಲರಿಗೂ ಅನ್ನಿಸುವುದು ಒಂದೇ, ‘ನಾನೂ ಒಂದು ವಿಡಿಯೊ ಮಾಡಿ ನಿಜ ಹೇಳಿಬಿಡುತ್ತೇನೆ’ ಅಂತ. ದಯವಿಟ್ಟು ತಡೆಯಿರಿ. ಸಿಟ್ಟಿನಲ್ಲೋ ಅಳುತ್ತಲೋ ಮಾಡಿದ ಆ ವಿಡಿಯೊದಿಂದ ಹೊಸ ಮುಖಭಾವ, ಹೊಸ ವಾಕ್ಯ ಸಿಗುತ್ತದೆ. ಕತ್ತರಿ ಹಿಡಿದು ಕೂತವರು ಕಾಯುತ್ತಿರುವುದು ಅದಕ್ಕೇ. ತಪ್ಪು ನಿಮ್ಮದೇ ಇದ್ದರೆ ಎದುರಿನವರ ಹತ್ತಿರ ನೇರವಾಗಿ ಕ್ಷಮೆ ಕೇಳಿ. ಸಾರ್ವಜನಿಕವಾಗಿ ಹೇಳಲೇಬೇಕಾದರೆ ಎರಡು ಮೂರು ಸಾಲು ಬರೆದು ಹಾಕಿ, ಆಮೇಲೆ ಉತ್ತರ ಕೊಡಲು ಹೋಗಬೇಡಿ. ಮನೆಯವರಿಗೆ, ಕೆಲಸದ ಜಾಗದಲ್ಲಿ ನೀವೇ ಮೊದಲು ತಿಳಿಸಿ. ಬೇರೆಯವರ ಫಾರ್ವರ್ಡ್‌ನಿಂದ ಅವರಿಗೆ ಗೊತ್ತಾಗುವುದಕ್ಕಿಂತ ಅದು ಎಷ್ಟೋ ಮೇಲು. ನಿಮ್ಮ ಖಾತೆಗಳಲ್ಲಿ ವಿಳಾಸ, ಫೋನ್ ನಂಬರ್, ಮಕ್ಕಳ ಫೋಟೊ ಇದ್ದರೆ ಅವತ್ತೇ ಮುಚ್ಚಿಡಿ.

ಖಾಸಗಿ ಮಾಹಿತಿ ಅಥವಾ ಬೆದರಿಕೆ ಇರುವ ಪೋಸ್ಟ್‌ಗಳನ್ನು ಆಯಾ ವೇದಿಕೆಗೆ ರಿಪೋರ್ಟ್ ಮಾಡಿ. ಸುಮ್ನೆ ನಗುವ ಪೋಸ್ಟ್‌ಗಳಿಗಿಂತ ಇವುಗಳನ್ನು ತೆಗೆಸುವುದು ಸುಲಭ. ರಿಪೋರ್ಟ್ ಮಾಡುವ ಮೊದಲು ದಿನಾಂಕ, ಖಾತೆಯ ಹೆಸರು, ಲಿಂಕ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ವೇದಿಕೆಯವರು ಪೋಸ್ಟ್ ಅಳಿಸಿದ ಮೇಲೆ ಪೊಲೀಸರಿಗೆ ತೋರಿಸಲು ನಿಮ್ಮ ಬಳಿ ಇರುವುದು ಅದೊಂದೇ.